ಹೂ ತುಂಬ ಇದೆ, ಕಾಯಿ ಮಾತ್ರ ಇಲ್ಲ: ತಾರಸಿ ತೋಟದ ಕಾಯಿ-ಬೀಜದ ದೋಷ ಪತ್ತೆ

ಬೆಂಗಳೂರಿನ ತಾರಸಿ ತೋಟದವರು ಎಲ್ಲೇ ಸೇರಿದರೂ ಮಾತು ಕೊನೆಗೆ ಕಾಯಿಯ ಹತ್ತಿರ ಬಂದು ನಿಲ್ಲುತ್ತದೆ. ಹೂ ಬಂತು, ಕಾಯಿ ಕಟ್ಟಲಿಲ್ಲ. ಕಾಯಿ ಬಂತು, ಒಳಗೆ ಬರೀ ಜೊಳ್ಳು. ಬೀಜಕ್ಕೆಂದು ಗಿಡದಲ್ಲೇ ಬಿಟ್ಟದ್ದು ಊರಿಗೆ ಹೋಗಿ ಬರುವಷ್ಟರಲ್ಲಿ ಸಿಡಿದು ಖಾಲಿ. ಎತ್ತಿಟ್ಟ ಬೀಜ ಮೊಳೆಯಲೇ ಇಲ್ಲ. ಇಷ್ಟು ಬೇರೆ ಬೇರೆ ದೂರುಗಳಿಗೆ ಅಂಗಡಿಯಲ್ಲಿ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: ಯಾವುದೋ ಟಾನಿಕ್ಕಿನ ಬಾಟಲಿ. ಅದನ್ನು ಕೊಳ್ಳುವ ಮೊದಲು ಗಿಡ ಎಲ್ಲಿ ತಡೆದು ನಿಂತಿದೆ ಅಂತ ಪತ್ತೆ ಮಾಡಿಕೊಳ್ಳಬೇಕು. ಮಾಡಿಕೊಂಡರೆ ಬಾಟಲಿ ಬೇಕಾಗುವುದೇ ಅಪರೂಪ. ನಮ್ಮೂರಿನಲ್ಲಿ ಹೆಚ್ಚಿನ ದೋಷಗಳು ರೋಗದ್ದಲ್ಲ, ಕಾಲದ್ದು.

ಪತ್ತೆಗೆ ಬೇಕಾದ ಸಲಕರಣೆ ಸ್ವಲ್ಪವೇ. ಒಂದು ಬ್ಲೇಡು, ಒಂದು ಭೂತಗನ್ನಡಿ, ದಾರ, ತೆಳು ಬಟ್ಟೆಯ ಒಂದಷ್ಟು ಸಣ್ಣ ಚೀಲ. ಮದುವೆ ಮನೆಯಲ್ಲಿ ತಾಂಬೂಲ ಹಾಕಿಕೊಡುವ ಬಲೆಬಟ್ಟೆಯ ಚೀಲವೇ ಸಾಕು.

ಮೂಲ ವಿಷಯ ಒಂದಿಷ್ಟು ಗೊತ್ತಿರಲಿ. ಕಾಯಿಯ ಸಿಪ್ಪೆ ಅಂದರೆ ಹೂವಿನ ಅಂಡಾಶಯದ ಗೋಡೆ. ಅದರೊಳಗಿನ ಅಂಡಕಗಳೇ ಮುಂದೆ ಬೀಜವಾಗುವುದು. ಪರಾಗ ಬಂದು ಶಲಾಕಾಗ್ರದ, ಅಂದರೆ ಅಂಡಾಶಯದ ಮೇಲಿನ ಕಡ್ಡಿಯ ತುದಿಯ ಮೇಲೆ ಕೂತು, ಅಲ್ಲಿಂದ ನಾಳ ಇಳಿಸಿ ಅಂಡಕವನ್ನು ಮುಟ್ಟಬೇಕು. ಮುಟ್ಟಿ ಫಲಿತವಾದ ಅಂಡಕದಿಂದ ಹಾರ್ಮೋನಿನ ಸೂಚನೆ ಹೊರಟರೆ ಗೋಡೆ ಬೆಳೆಯಲು ಶುರು ಮಾಡುತ್ತದೆ. ಸೂಚನೆ ಬರದಿದ್ದರೆ ತೊಟ್ಟಿನ ಬುಡದಲ್ಲಿ ಒಂದು ದುರ್ಬಲ ಪದರ ಮೂಡಿ ಹೂ ಕಳಚಿ ಬೀಳುತ್ತದೆ. ಸಿಪ್ಪೆ ಬೆಳೆದ ಮೇಲೆ ಕಾಳು ತುಂಬಬೇಕು, ಒಣಗಬೇಕು, ಒಡೆಯಬೇಕು, ಬೀಜ ಬಿದ್ದು ಮೊಳೆಯಬೇಕು. ಈ ದಾರಿಯಲ್ಲಿ ಎಲ್ಲಿ ನಿಂತರೂ ಗಿಡ ಅದರದೇ ಗುರುತು ಬಿಟ್ಟಿರುತ್ತದೆ.

ಹೂವೇ ಬಂದಿಲ್ಲ, ಬರೀ ಎಲೆ

ಅವರೆ ಹಾಕಿದವರ ದೂರು ಇದು. ನಮ್ಮ ಬೀದಿಯ ಕೊನೆ ಮನೆ ಅಜ್ಜಿ ಪ್ರತಿ ಆಗಸ್ಟಿನಲ್ಲೂ ಕೇಳುತ್ತಾರೆ.

"ಏನಪ್ಪಾ, ಜೂನಲ್ಲೇ ಹಾಕಿದ್ದು. ಚಪ್ಪರದ ತುಂಬ ಎಲೆ, ಒಂದು ಹೂವಿಲ್ಲ. ಗೊಬ್ಬರ ಸಾಲ್ದೇನೋ?"

"ಗೊಬ್ಬರ ಜಾಸ್ತೀನೇ ಆಗಿದೆ ಅಜ್ಜಿ. ಕಾಯಿರಿ, ದೀಪಾವಳಿ ಕಳೀಲಿ."

ನಾಟಿ ಅವರೆ ಹಗಲಿನ ಉದ್ದ ನೋಡಿ ಹೂ ಬಿಡುವ ಗಿಡ; ಇರುಳು ಬೆಳೆಯದೆ ಮೊಗ್ಗು ಮೂಡದು. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಜೂನಿನ ಅತಿ ಉದ್ದದ ಹಗಲಿಗೂ ಡಿಸೆಂಬರಿನ ಅತಿ ಚಿಕ್ಕ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ. ನಮಗೆ ಗಮನಕ್ಕೂ ಬಾರದ ಆ ವ್ಯತ್ಯಾಸ ಅವರೆಗೆ ಸಾಕು. ಮಾಗಡಿ, ರಾಮನಗರ, ಕೋಲಾರದ ಕಡೆಯಿಂದ ಮೂಟೆಗಟ್ಟಲೆ ಅವರೆಕಾಯಿ ಬಂದು ಬೀಳುವುದು, ಊರಲ್ಲಿ ಅವರೆ ಮೇಳ ಕೂಡುವುದು, ಮನೆಮನೆಯಲ್ಲಿ ಹಿತಕಿದ ಬೇಳೆ ಸಾರು ಕುದಿಯುವುದು ಡಿಸೆಂಬರ್-ಜನವರಿಯಲ್ಲೇ ಯಾಕೆ ಅಂದರೆ ಇದಕ್ಕೇ.

ಹಾಗಾದರೆ ನವೆಂಬರ್ ದಾಟಿದರೂ ಹೂ ಬಾರದಿದ್ದರೆ? ರಾತ್ರಿ ಎಂಟರ ಮೇಲೆ ತಾರಸಿಗೆ ಹೋಗಿ ನಿಂತು ನೋಡಿ. ಚಪ್ಪರದ ಮೇಲೆ ಬೀದಿದೀಪದ ಬೆಳಕು ಬೀಳುತ್ತಿದೆಯೇ? ಇಂಥ ಗಿಡಗಳು ಅಳೆಯುವುದು ಕತ್ತಲೆಯನ್ನು. ನಡುವೆ ಬೆಳಕು ಬಿದ್ದರೆ ಅಳತೆ ತಪ್ಪುತ್ತದೆ. ಸೋಯಾ ಅವರೆ ಹೊಲದಲ್ಲಿ ದೀಪದ ಕಂಬದ ಸುತ್ತಲಿನ ಗಿಡಗಳು ಮಾತ್ರ ಹಸಿರಾಗೇ ಉಳಿದು, ಉಳಿದ ಹೊಲವೆಲ್ಲ ಕಾಯಿ ಕಟ್ಟಿ ಒಣಗಿ ನಿಲ್ಲುವುದು ಚೆನ್ನಾಗಿ ದಾಖಲಾದ ಸಂಗತಿ. ನಿಮ್ಮ ಚಪ್ಪರದಲ್ಲೂ ದೀಪದ ಕಡೆಯ ಬಳ್ಳಿಗೆ ಹೂವಿಲ್ಲ, ನೀರಿನ ಟ್ಯಾಂಕಿನ ನೆರಳಿನ ಕಡೆ ಹೂವಿದೆ ಅಂತಾದರೆ ಅನುಮಾನ ಅಲ್ಲಿಗೆ ಮುಗಿಯಿತು. ಕುಂಡವನ್ನು ಕತ್ತಲಿನ ಮೂಲೆಗೆ ಸರಿಸಿ, ಇಲ್ಲವೇ ಆ ಕಡೆಗೆ ಒಂದು ಗೋಣಿ ಪರದೆ ಕಟ್ಟಿ.

ವರ್ಷವಿಡೀ ಅವರೆಕಾಯಿ ಬೇಕೇಬೇಕು ಅನ್ನುವವರಿಗೆ ಹಗಲಿನ ಉದ್ದದ ಹಂಗಿಲ್ಲದ ತಳಿಗಳಿವೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಅಂಥವು. ಬಳ್ಳಿಯಾಗದೆ ಗಿಡ್ಡಕ್ಕೆ ಪೊದೆಯಂತೆ ಬೆಳೆಯುವುದರಿಂದ ಕುಂಡಕ್ಕೂ ಅನುಕೂಲ. ನವೆಂಬರಿನಲ್ಲಿ ಅದೇ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ನಡೆಯುವ ಕೃಷಿ ಮೇಳಕ್ಕೆ ಹೋದಾಗ ಬೀಜದ ಮಳಿಗೆಯಲ್ಲಿ ವಿಚಾರಿಸಿ. ಸೊಗಡಿನ ವಿಷಯಕ್ಕೆ ಬಂದರೆ ಮಾತ್ರ ನಾನು ಮಂಜು ಬಿದ್ದ ನಾಟಿ ಅವರೆಯ ಪಕ್ಷ.

ಅಜ್ಜಿಗೆ ಹೇಳಿದ ಗೊಬ್ಬರದ ಮಾತು ಸುಮ್ಮನೆ ಹೇಳಿದ್ದಲ್ಲ. ಸಾರಜನಕ ಹೆಚ್ಚಾದರೆ ಬೀನ್ಸ್, ಅಲಸಂದೆ, ಅವರೆ ಎಲ್ಲವೂ ಎಲೆಗೇ ಬಲ ಹಾಕುತ್ತವೆ. ಈ ಜಾತಿಯ ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾ ಇರುವಾಗ ಮೇಲಿಂದ ಯೂರಿಯಾ ಸುರಿಯುವುದು ದಂಡ.

ಹೂ ಬರುತ್ತದೆ, ಉದುರುತ್ತದೆ

ಮೊದಲು ಉದುರಿದ್ದನ್ನು ಕೈಗೆತ್ತಿಕೊಂಡು ನೋಡಿ. ಬಿರಿಯದ ಮೊಗ್ಗೇ ಬಿದ್ದಿದೆಯೇ, ಬಾಡಿದ ಹೂ ಬಿದ್ದಿದೆಯೇ, ಅಥವಾ ಹೂ ಒಣಗಿ ಅದರ ತುದಿಯಿಂದ ದಾರದಂಥ ಹೀಚು ಇಣುಕಿದ ಮೇಲೆ ಬಿದ್ದಿದೆಯೇ? ಮೊಗ್ಗು ಬಿದ್ದರೆ ನೀರಿನ ಏರುಪೇರು ಅಥವಾ ಮೊಗ್ಗಿನೊಳಗಿನ ಹುಳು. ಬಾಡಿದ ಹೂ ಬಿದ್ದರೆ ಪರಾಗಸ್ಪರ್ಶದ ಕೊರತೆ. ಹೀಚು ಬಿದ್ದರೆ ಫಲಿತವಾಗಿದೆ, ಆದರೆ ಸಾಕುವ ಶಕ್ತಿ ಗಿಡಕ್ಕಿಲ್ಲ. ಗ್ರೋ ಬ್ಯಾಗ್ ಚಿಕ್ಕದಾಯಿತು, ಇಲ್ಲವೇ ಬಿಸಿಲು ಸಾಲದು. ಸ್ವಲ್ಪ ಉದುರುವುದು ಮಾತ್ರ ಸಹಜ. ದ್ವಿದಳ ಜಾತಿಯ ಯಾವ ಗಿಡವೂ ಬಿಟ್ಟ ಹೂವನ್ನೆಲ್ಲ ಕಾಯಿ ಮಾಡುವುದಿಲ್ಲ. ತೊಗರಿ ಗಿಡದ ಕೆಳಗೆ ಹಳದಿ ಹೂವಿನ ಹಾಸು ನೋಡಿ ಗಾಬರಿಯಾಗಬೇಡಿ.

ಬಾಡಿದ ಹೂವಿಗೆ ಬರೋಣ. ಬೀನ್ಸ್ ಹೂವಿಗೆ ಜೇನ್ನೊಣ ಬೇಕಿಲ್ಲ. ಹೂ ಬಿರಿಯುವ ಮೊದಲೇ ಅದರ ಪರಾಗಕೋಶ ಒಡೆದು ಅಲ್ಲೇ ಕೆಲಸ ಮುಗಿದಿರುತ್ತದೆ. ಆದರೂ ಮಾರ್ಚ್-ಏಪ್ರಿಲಿನಲ್ಲಿ ಉದುರುತ್ತಿದೆ ಅಂದರೆ ಅದು ಸೆಕೆಯ ಕೆಲಸ. ಹಗಲಿನ ತಾಪ 30-32 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಬೀನ್ಸಿನ ಪರಾಗ ಬಲಹೀನವಾಗುತ್ತದೆ. "ನಮ್ಮೂರು ತಂಪು" ಅನ್ನುವ ಹಳೇ ನೆನಪಲ್ಲಿ ಬೀನ್ಸ್ ಬಿತ್ತುವವರು, 2016ರ ಏಪ್ರಿಲ್ 24ರಂದು ಇದೇ ಬೆಂಗಳೂರಿನಲ್ಲಿ 39.2 ಡಿಗ್ರಿ ದಾಖಲಾಯಿತು ಅನ್ನುವುದನ್ನು ನೆನಪಿಡಬೇಕು. ತಾರಸಿಯ ಕಾಂಕ್ರೀಟಿನ ಮೇಲೆ ಅದಕ್ಕಿಂತ ಹೆಚ್ಚೇ. ಜೂನ್‌ನಿಂದ ಜನವರಿವರೆಗೆ ಬಿತ್ತಿ. ಬೇಸಿಗೆಗೆ ಅಲಸಂದೆ ಇಟ್ಟುಕೊಳ್ಳಿ, ಅದು ಸೆಕೆ ತಡೆಯುತ್ತದೆ.

ಬೆಂಡೆಯೂ ತನ್ನಷ್ಟಕ್ಕೆ ಕಾಯಿ ಕಟ್ಟಬಲ್ಲದು. ನುಗ್ಗೆ ಹಾಗಲ್ಲ. ಅದರ ಹೂವಿಗೆ ನೊಣ-ದುಂಬಿ ಬರಲೇಬೇಕು. ಕೈಹೆಬ್ಬೆರಳಿನಷ್ಟು ದಪ್ಪದ ಆ ಕಪ್ಪು ಬಡಗಿ ದುಂಬಿ, ತುಡುವೆ, ಕೋಲುಜೇನು ಸುಳಿದಾಡದಿದ್ದರೆ ಮರದ ತುಂಬ ಬೆಳ್ಳಗೆ ಹೂವಿದ್ದರೂ ಸಾರಿಗೆ ನುಗ್ಗೆಕಾಯಿ ಇಲ್ಲ. ಬೆಳಗ್ಗೆ ಏಳರಿಂದ ಒಂಬತ್ತರ ನಡುವೆ ಕುರ್ಚಿ ಹಾಕಿಕೊಂಡು ಕೂತು ಯಾರು ಬಂದರು ಅಂತ ನೋಡುವುದೇ ಪರೀಕ್ಷೆ. ಯಾರೂ ಬರದಿದ್ದರೆ, ಹಿಂದಿನ ದಿನಗಳಲ್ಲಿ ನೀವೋ ಪಕ್ಕದ ಮನೆಯವರೋ ಕೀಟನಾಶಕ ಹೊಡೆದಿದ್ದೀರಾ ಅಂತ ವಿಚಾರಿಸಿ. ಹೂವಿರುವಾಗ ಹೊಡೆಯಲೇಬೇಕಾದರೆ, ಬೇವಿನೆಣ್ಣೆಯಾದರೂ ಸರಿ, ಸೂರ್ಯ ಮುಳುಗಿದ ಮೇಲೆ.

ಈ ಗಿಡಕ್ಕೆ ಕೀಟ ಬೇಕೋ ಬೇಡವೋ ಅನ್ನುವ ಅನುಮಾನ ಇದ್ದರೆ ಬಟ್ಟೆ ಚೀಲದ ಪರೀಕ್ಷೆ ಮಾಡಿ. ನಾಳೆ ಬಿರಿಯುವಂತಿರುವ ಮೊಗ್ಗುಗಳಲ್ಲಿ ಕೆಲವಕ್ಕೆ ಚೀಲ ಕಟ್ಟಿ ಹಾಗೇ ಬಿಡಿ. ಇನ್ನು ಕೆಲವಕ್ಕೆ ಚೀಲ ಕಟ್ಟಿ, ಬಿರಿದ ದಿನ ಬಿಚ್ಚಿ, ಬೇರೆ ಗಿಡದ ಪರಾಗವನ್ನು ಸಣ್ಣ ಬ್ರಷ್ಷಿನಿಂದ ಸವರಿ ಮತ್ತೆ ಕಟ್ಟಿ. ಉಳಿದದ್ದು ಬಯಲಲ್ಲಿರಲಿ. ಬರೀ ಚೀಲದ್ದು ಕಾಯಿ ಕಟ್ಟಿದರೆ ಗಿಡ ಸ್ವಾವಲಂಬಿ. ಸವರಿದ್ದು ಮಾತ್ರ ಕಟ್ಟಿದರೆ ಪರಾಗದ ಕೊರತೆ. ಸವರಿದರೂ ಕಟ್ಟಲಿಲ್ಲ ಅಂದರೆ ಸೆಕೆ, ಪೋಷಣೆ ಅಥವಾ ಗಿಡದ ಹುಟ್ಟುಗುಣ.

ಹುಟ್ಟುಗುಣದ ಎರಡು ಉದಾಹರಣೆ ಬೆಂಗಳೂರಿನವರಿಗೆ ಹತ್ತಿರದವು. ಅಡೆನಿಯಮ್ ಸಾಮಾನ್ಯವಾಗಿ ತನ್ನ ಪರಾಗವನ್ನು ತಾನೇ ಒಪ್ಪುವುದಿಲ್ಲ. ಒಂದೇ ಗಿಡ ಸಾಕಿದವರು ಕೋಡಿನಂಥ ಆ ಜೋಡಿ ಕಾಯಿಯನ್ನು ನೋಡುವುದು ಕಷ್ಟ. ಇನ್ನೊಂದು, ದೊಡ್ಡ ನೇರಳೆ-ಗುಲಾಬಿ ಹೂವಿನ ಹಾಂಗ್‌ಕಾಂಗ್ ಮಂದಾರ. ಅದು ಬೆರಕೆ, ಬಂಜೆ ಗಿಡ. ಕಸಿ ಮತ್ತು ರೆಂಬೆಯಿಂದಲೇ ಅದರ ವಂಶ ನಡೆಯುವುದು. ಹಾಂಗ್‌ಕಾಂಗಿನ ಬಾವುಟದ ಮೇಲಿರುವ ಹೂವೂ ಇದೇ. ಎಷ್ಟೇ ಗೊಬ್ಬರ ಹಾಕಿ, ಕಾಯಿ ಬಾರದು. ಬೇಕಾದರೆ ಬೀದಿಬದಿಯ ಮಾಮೂಲಿ ಮಂದಾರಕ್ಕೆ ಹೋಗಿ, ಕೊಂಬೆಯ ತುಂಬ ಕಾಯಿ ನೇತಾಡುತ್ತಿರುತ್ತದೆ.

ಕಾಯಿ ಇದೆ, ಕಾಳಿಲ್ಲ

ಇಲ್ಲಿ ಬ್ಲೇಡು ಬೇಕು. ಸಂಶಯದ ಕಾಯಿಯನ್ನು ಹೊಲಿಗೆಯ ಗುಂಟ ಸೀಳಿ ಅಂಗೈ ಮೇಲೆ ಬಿಚ್ಚಿ. ಅವರೆ, ಅಲಸಂದೆ, ಬೀನ್ಸಿನ ಕಾಯಲ್ಲಿ ಕಾಳುಗಳೆಲ್ಲ ಒಂದೇ ಅಂಚಿಗೆ ಅಂಟಿಕೊಂಡಿರುತ್ತವೆ. ಭೂತಗನ್ನಡಿ ಹಿಡಿದರೆ ಪ್ರತಿ ಕಾಳಿಗೂ ಒಂದು ಸಣ್ಣ ತೊಟ್ಟು ಕಾಣುತ್ತದೆ. ಆಹಾರ ಬರುವ ದಾರಿ ಅದು. ಖಾಲಿ ಜಾಗದಲ್ಲೂ ಆ ತೊಟ್ಟು ಇದೆ, ಅದರ ತುದಿಯಲ್ಲಿ ರಾಗಿ ಕಾಳಿಗಿಂತ ಚಿಕ್ಕ ಬಿಳಿ ಚುಕ್ಕೆ ಮಾತ್ರ ಇದೆ ಅಂದರೆ ಆ ಅಂಡಕ ಫಲಿತವೇ ಆಗಲಿಲ್ಲ, ಇಲ್ಲವೇ ಆದ ಕೂಡಲೇ ಸತ್ತಿತು. ಕಾಳು ಅರ್ಧ ಬೆಳೆದು ಸುಕ್ಕುಗಟ್ಟಿದ್ದರೆ ತುಂಬುವ ಹೊತ್ತಿಗೆ ನೀರು ಅಥವಾ ಪೋಷಣೆ ಕೈಕೊಟ್ಟಿದೆ. ಕಾಳು ಬೆಳೆದು, ಸುಕ್ಕಿನ ಜೊತೆಗೆ ಕಂದು ಚುಕ್ಕಿ ಇದ್ದರೆ ರಸ ಹೀರುವ ತಿಗಣೆ ಹೊರಗಿನಿಂದಲೇ ಸೂಜಿಬಾಯಿ ಚುಚ್ಚಿದೆ. ಸಿಪ್ಪೆ ನೋಡಿದರೆ ಏನೂ ತಿಳಿಯುವುದಿಲ್ಲ, ತೂತೂ ಇರುವುದಿಲ್ಲ. ಕಾಯಿಯೇ ಸೊಟ್ಟಗಾಗಿದೆಯೇ? ಒಂದು ಕಡೆಯ ಅಂಡಕಗಳಷ್ಟೇ ಫಲಿತವಾಗಿರಬಹುದು. ಕಾಳಿರುವ ಕಡೆ ಉಬ್ಬಿ, ಇಲ್ಲದ ಕಡೆ ಸೊರಗಿರುತ್ತದೆ.

ಕೆಲವು ಮರಗಳಲ್ಲಿ ಕಾಳು ಕಡಿಮೆ ಇರುವುದು ದೋಷವೇ ಅಲ್ಲ. ಶೀಶಮ್ ಮರದ ತೆಳ್ಳನೆಯ ಕಾಯಲ್ಲಿ ನಾಲ್ಕೈದು ಅಂಡಕಗಳಿದ್ದರೂ ಹೆಚ್ಚಿನವುಗಳಲ್ಲಿ ಬೀಜ ಒಂದೇ. ಇದು ಯಾಕೆ ಅಂತ ಬಿಡಿಸಿದ್ದು ಇದೇ ಊರಿನ ವಿಜ್ಞಾನಿಗಳು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಕೆ. ಎನ್. ಗಣೇಶಯ್ಯ ಮತ್ತು ಆರ್. ಉಮಾಶಂಕರ್ 1988ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೊದಲು ಫಲಿತವಾದ ಬೀಜ ರಾಸಾಯನಿಕ ಸ್ರವಿಸಿ ತನ್ನ ಒಡಹುಟ್ಟುಗಳನ್ನು ಚಿಗುರಲ್ಲೇ ಮುಗಿಸುತ್ತದೆ. ಗಾಳಿಯಲ್ಲಿ ತೇಲಿ ಹೋಗಬೇಕಾದ ಕಾಯಿ ಅದು. ಒಂದೇ ಬೀಜವಿದ್ದರೆ ಹಗುರ, ಹಗುರವಿದ್ದರೆ ದೂರ. ತಾಯಿ ಮರದ ಲಾಭ ಬೇರೆ, ಬೀಜದ ಲಾಭ ಬೇರೆ. ಕನ್ನಡದ ಓದುಗರು ಕಾದಂಬರಿಕಾರರಾಗಿ ಬಲ್ಲ ಗಣೇಶಯ್ಯನವರೇ ಇವರು. ಒಂದು ಕಾಯಿಯ ಒಳಗೇ ದಾಯಾದಿ ಕಲಹ ಹುಡುಕಿ ತೆಗೆದವರು ಕಥೆ ಬರೆದರೆ ಆಶ್ಚರ್ಯವೇನು!

ಹೊಂಗೆ ಕಾಯಲ್ಲಿ ಒಂದೇ ಬೀಜ ಇರುವುದೂ ಮಾಮೂಲು. ಆದರೆ ಹೊಂಗೆಯ ಹೂಗೊಂಚಲಲ್ಲಿ ಚಪ್ಪಟೆ ಕಾಯಿಯ ಬದಲು ಗುಂಡನೆಯ ಗಟ್ಟಿ ಉಂಡೆಗಳಿದ್ದರೆ ಒಂದನ್ನು ಕೊಯ್ದು ನೋಡಿ: ಒಳಗೆ ಬೀಜವಿರದು, ಪುಟ್ಟ ಮರಿಹುಳು ಇರುತ್ತದೆ. ಹೂವಿನ ಅಂಡಾಶಯದಲ್ಲಿ ಒಂದು ಬಗೆಯ ಸಣ್ಣ ನೊಣ ಮೊಟ್ಟೆಯಿಟ್ಟು, ಕಾಯಾಗಬೇಕಾದ್ದನ್ನು ತನ್ನ ಮರಿಗೆ ಮನೆ ಮಾಡಿಸಿಕೊಂಡಿದೆ. ದೊಡ್ಡ ಮರಕ್ಕೆ ಅದರಿಂದ ತೊಂದರೆಯಿಲ್ಲ.

ಜೊಳ್ಳಿನ ಮಾತು ಬಂದಮೇಲೆ ಕಡಲೆಕಾಯಿ ಬಿಡುವ ಹಾಗಿಲ್ಲ. ಕಾರ್ತಿಕದ ಕೊನೆ ಸೋಮವಾರ ಬಸವನಗುಡಿಯ ಪರಿಷೆಯಿಂದ ತಂದ ಹಸಿ ಕಡಲೆಕಾಯಿಯನ್ನು ಕುಂಡದಲ್ಲಿ ಹಾಕುವವರು ಬಹಳ. ಗಿಡ ಸೊಗಸಾಗಿ ಬರುತ್ತದೆ, ಹಳದಿ ಹೂವೂ ಬರುತ್ತದೆ, ಕಿತ್ತರೆ ಕೆಳಗೆ ಏನೂ ಇರುವುದಿಲ್ಲ. ಇದರ ಹೂ ಮಣ್ಣಿನ ಮೇಲೆ, ಕಾಯಿ ಮಣ್ಣಿನ ಕೆಳಗೆ. ಹೂ ಫಲಿತವಾದ ಮೇಲೆ ಅಂಡಾಶಯದ ಬುಡ ಸೂಜಿಯಂತೆ ಉದ್ದವಾಗಿ ಬೆಳೆದು ನೆಲಕ್ಕೆ ಇಳಿಯುತ್ತದೆ. ಕತ್ತಲೆ ಸಿಕ್ಕ ಮೇಲಷ್ಟೇ ಅದರ ತುದಿ ಕಾಯಾಗಿ ಉಬ್ಬುವುದು. ಕೆಮ್ಮಣ್ಣು ಗಟ್ಟಿಯಾಗಿ ಹೆಪ್ಪುಗಟ್ಟಿದ್ದರೆ ಆ ಸೂಜಿ ಒಳಗೆ ಹೋಗದೆ ಮೇಲೆಯೇ ಒಣಗುತ್ತದೆ. ಗಿಡದ ಬುಡ ಬಗ್ಗಿಸಿ ನೋಡಿದರೆ ನೇರಳೆ ಬಣ್ಣದ ಒಣ ಮೊನೆಗಳು ಕಾಣುತ್ತವೆ, ದೋಷ ಅಲ್ಲೇ ಗೊತ್ತಾಯಿತು. ಮರಳು ಬೆರೆಸಿದ ಸಡಿಲ ಮಣ್ಣು ಏರು ಹಾಕಿ.

ಸೂಜಿ ಇಳಿದಿದೆ, ಸಿಪ್ಪೆಯೂ ಆಗಿದೆ, ಒಳಗೆ ಕಾಳಿಲ್ಲ ಅಂದರೆ ಅದು ಸುಣ್ಣದಂಶದ, ಅಂದರೆ ಕ್ಯಾಲ್ಸಿಯಮ್ಮಿನ ಕೊರತೆ. ಬೇರು ಹೀರಿದ ಕ್ಯಾಲ್ಸಿಯಮ್ ನೀರಿನ ಜೊತೆ ಎಲೆಗೇ ಏರಿಹೋಗುತ್ತದೆ. ಅಲ್ಲಿಂದ ಮರಳಿ ಕೆಳಗೆ ಬರುವುದಿಲ್ಲ. ಮಣ್ಣಿನೊಳಗಿನ ಕಾಯಿ ತನಗೆ ಬೇಕಾದ್ದನ್ನು ಸಿಪ್ಪೆಯ ಮೂಲಕ ನೇರವಾಗಿ ಸುತ್ತಲ ಮಣ್ಣಿನಿಂದಲೇ ಪಡೆಯಬೇಕು. ಅದಕ್ಕೇ ರೈತರು ಹೂ ಬರುವ ಹೊತ್ತಿಗೆ ಕ್ಯಾಲ್ಸಿಯಮ್ ಇರುವ ಜಿಪ್ಸಮ್ ಕೊಟ್ಟು ಮಣ್ಣು ಏರಿಸುವುದು. ಕುಂಡಕ್ಕೆ ಒಂದೆರಡು ಚಮಚ, ಗಿಡದ ಬುಡದ ಸುತ್ತ, ತೇವವಿರುವಾಗ. ಎಲೆಗೆ ಸಿಂಪಡಿಸಿದರೆ ಕಾಯಿಗೆ ಮುಟ್ಟದು.

ಕಾಯಲ್ಲಿ ತೂತು

ಅವರೆಕಾಯಿ ಸುಲಿದವರಿಗೆ ಈ ಹುಳುವಿನ ಪರಿಚಯ ಮಾಡಿಕೊಡಬೇಕಿಲ್ಲ. ದುಂಡಗಿನ ತೂತು, ತೂತಿನ ಬಾಯಲ್ಲಿ ಹಿಕ್ಕೆ ಇದ್ದರೆ ಕಾಯಿಕೊರಕ. ಹೂ ಮತ್ತು ಹೀಚನ್ನು ಬಲೆಯಂಥ ನೂಲಿನಿಂದ ಒಟ್ಟಿಗೆ ಹೆಣೆದಿದ್ದರೆ ಅದು ಬಲೆ ಕಟ್ಟುವ ಇನ್ನೊಂದು ಜಾತಿ. ತಾರಸಿಯಷ್ಟರ ಮಟ್ಟಿಗೆ ಸಂಜೆ ಕೈಯಲ್ಲಿ ಆರಿಸಿ ಸೋಪಿನ ನೀರಿಗೆ ಹಾಕುವುದೇ ಸರಿ. ಮೊಗ್ಗಿನ ಹಂತದಲ್ಲೇ ನೋಡಬೇಕು. ಹುಳು ಒಮ್ಮೆ ಕಾಯೊಳಗೆ ಹೊಕ್ಕ ಮೇಲೆ ಹೊಡೆದ ಮದ್ದು ಅದಕ್ಕೆ ತಾಗುವುದಿಲ್ಲ, ನಮ್ಮ ಹೊಟ್ಟೆಗೆ ಬರುತ್ತದೆ.

ಗಿಡ ಇದ್ದಕ್ಕಿದ್ದಂತೆ ಹೂ ನಿಲ್ಲಿಸಿದೆ

ಕೆಳಗಿನ ಎಲೆ ಸರಿಸಿ ಹುಡುಕಿ. ಕಣ್ತಪ್ಪಿ ಉಳಿದು ಬಲಿತ ಬೀನ್ಸ್ ಕಾಯೋ, ನಾರಾದ ಬೆಂಡೆಯೋ ಇದ್ದೇ ಇರುತ್ತದೆ. ಬೀಜ ಬಲಿಯುತ್ತಿದೆ ಅಂದರೆ ಗಿಡದ ಮಟ್ಟಿಗೆ ಈ ಜನ್ಮದ ಕೆಲಸ ಆಯಿತು. ಹೊಸ ಹೂವಿಗೆ ಹೋಗಬೇಕಾದ ಸಾರವೆಲ್ಲ ಅತ್ತ ಹರಿಯುತ್ತದೆ. ಅಡುಗೆಗೆ ಬೇಕಾದ ಗಿಡದಲ್ಲಿ ಒಂದೂ ಬಿಡದೆ ಎಳೆಯದರಲ್ಲೇ ಕೀಳಿ. ಬೀಜಕ್ಕೆ ಬೇರೆಯೇ ಒಂದು ಗಿಡ ಇಟ್ಟು, ಅದರ ಕಾಯಿ ಮುಟ್ಟಬೇಡಿ. ಒಂದೇ ಗಿಡದಿಂದ ಎರಡನ್ನೂ ಪಡೆಯುವ ಆಸೆಯೇ ಈ ದೋಷದ ಮೂಲ.

ಬೀಜಕ್ಕೆ ಬಿಟ್ಟದ್ದು ಸಿಡಿದು ಹೋಯಿತು

ಇದನ್ನು ದೋಷ ಅನ್ನುವುದು ನಾವು. ಗಿಡವನ್ನು ಕೇಳಿದರೆ ಸಿಡಿಯದೆ ಕೂತ ಕಾಯಿಯೇ ಕೆಟ್ಟದ್ದು. ಕಾಡಿನ ಅವರೆಯ ಕಾಯಿ ಒಣಗಿದೊಡನೆ ಸಿಡಿದು ಬೀಜ ಚೆಲ್ಲುತ್ತದೆ. ಸಿಡಿಯದೆ ಉಳಿದ ಕಾಯನ್ನೇ ಮನುಷ್ಯ ಆರಿಸಿ ಆರಿಸಿ ಸಾವಿರಾರು ವರ್ಷ ಬಿತ್ತಿದ್ದರಿಂದ ಇವತ್ತಿನ ಬೇಳೆಕಾಳು ಕಣದ ತನಕ ಬರುವುದು. ಹೂವಿನ ಗಿಡಗಳಲ್ಲಿ ಅಂಥ ಆಯ್ಕೆ ನಡೆದಿಲ್ಲ. ಶಂಖಪುಷ್ಪ ತನ್ನ ಹಳೇ ಚಾಳಿ ಬಿಟ್ಟಿಲ್ಲ.

ಸಿಡಿತದ ಗುಟ್ಟು ಸಿಪ್ಪೆಯಲ್ಲಿದೆ. ಬೀದಿಯಲ್ಲಿ ಬಿದ್ದ ಮಂದಾರದ ಒಣಕಾಯಿಯ ಎರಡು ಹೋಳು ಹುಡುಕಿ ತನ್ನಿ. ಒಂದು ಬಲಕ್ಕೆ ತಿರುಚಿದ್ದರೆ ಇನ್ನೊಂದು ಎಡಕ್ಕೆ. ಅದನ್ನು ನೀರಲ್ಲಿ ನೆನೆಹಾಕಿ: ತಿರುಚು ಬಿಚ್ಚಿಕೊಂಡು ಹೋಳು ಚಪ್ಪಟೆಯಾಗುತ್ತದೆ. ಬಿಸಿಲಿಗಿಡಿ, ಮತ್ತೆ ಸುರುಳಿ. ಸತ್ತ ಸಿಪ್ಪೆ, ಆದರೂ ಆಡುತ್ತದೆ. ಸಿಪ್ಪೆಯಲ್ಲಿ ಎರಡು ನಾರಿನ ಪದರಗಳಿವೆ, ಒಂದರ ನಾರು ಓರೆಯಾಗಿ ಈ ಕಡೆಗೆ, ಇನ್ನೊಂದರದ್ದು ಅದಕ್ಕೆ ಅಡ್ಡಲಾಗಿ ಆ ಕಡೆಗೆ. ಒಣಗಿದಾಗ ಪ್ರತಿ ಪದರವೂ ತನ್ನ ನಾರಿಗೆ ಅಡ್ಡಲಾಗಿ ಕುಗ್ಗುತ್ತದೆ. ಎರಡೂ ಬೇರೆ ಬೇರೆ ದಿಕ್ಕಿಗೆ ಎಳೆದರೆ ಹೋಳು ತಿರುಚಿಕೊಳ್ಳದೆ ಬೇರೆ ದಾರಿಯಿಲ್ಲ. ಇಸ್ರೇಲಿನ ವಿಜ್ಞಾನಿಗಳು 2011ರಲ್ಲಿ ಇದನ್ನು ರಬ್ಬರ್ ಹಾಳೆಯಲ್ಲೇ ಮಾಡಿ ತೋರಿಸಿದರು. ಎರಡು ಹಾಳೆಗಳನ್ನು ಅಡ್ಡಡ್ಡ ದಿಕ್ಕಿಗೆ ಹಿಗ್ಗಿಸಿ ಅಂಟಿಸಿ, ಓರೆಯಾಗಿ ಪಟ್ಟಿ ಕತ್ತರಿಸಿದರೆ ಅದು ತಾನಾಗಿ ಮಂದಾರದ ಸಿಪ್ಪೆಯಂತೆ ಸುರುಳಿಯಾಯಿತು. ಕಾಯಿಯ ಹೊಲಿಗೆ ಹಿಡಿದಿರುವ ತನಕ ಈ ಎಳೆತ ಒಳಗೇ ಕೂಡಿಕೊಳ್ಳುತ್ತದೆ. ಹೊಲಿಗೆ ಬಿಟ್ಟ ಕ್ಷಣ ಟಪ್ ಅಂತ ಬೀಜ ಹಾರುತ್ತದೆ. ಅದಕ್ಕೇ ಒಣ ಬಿಸಿಲಿನ ಮಧ್ಯಾಹ್ನ ಸಿಡಿತ ಜಾಸ್ತಿ.

ಇದು ತಿಳಿದರೆ ಉಪಾಯ ತಾನಾಗಿ ಹೊಳೆಯುತ್ತದೆ. ಹಸಿರು ಹೋಗಿ ಕಾಯಿ ಒಣಹುಲ್ಲಿನ ಬಣ್ಣಕ್ಕೆ ತಿರುಗಿ, ಅಂಚಿನ ಹೊಲಿಗೆ ಗೆರೆ ಕಪ್ಪಗಾಗುತ್ತಿದ್ದಂತೆ, ಬೆಳಗಿನ ಇಬ್ಬನಿ ಆರುವ ಮೊದಲು ಕೀಳಿ. ಸಿಪ್ಪೆ ಆಗ ಮೆತ್ತಗಿರುತ್ತದೆ. ದಿನಾ ತಾರಸಿಗೆ ಹೋಗಲಾಗದವರು ಹಣ್ಣಾಗುವ ಮೊದಲೇ ಬಲೆಚೀಲ ಕಟ್ಟಿಬಿಡಿ. ಪ್ಲಾಸ್ಟಿಕ್ ಕವರು ಬೇಡ, ಒಳಗೆ ಬೆವರಿ ಬೂಷ್ಟು ಹಿಡಿಯುತ್ತದೆ.

ಎಲ್ಲ ಕಾಯಿಯೂ ಒಂದೇ ತರ ಒಡೆಯುವುದಿಲ್ಲ, ಹಾಗಾಗಿ ಕಾವಲೂ ಬೇರೆ ಬೇರೆ. ಅವರೆ ಜಾತಿಯದ್ದು ಎರಡೂ ಅಂಚಿನಲ್ಲಿ ಬಿಡುತ್ತದೆ. ಸಾಸಿವೆಯದ್ದು ಎರಡು ಮುಚ್ಚಳ, ನಡುವೆ ತೆಳು ಪರದೆ. ಕೆಳಗಿನಿಂದ ಮೇಲಕ್ಕೆ ಬಿಚ್ಚುತ್ತದೆ. ನುಗ್ಗೆ ಮೂರು ಸೀಳು, ಒಳಗೆ ರೆಕ್ಕೆಯ ಬೀಜ. ಬೆಂಡೆ ಐದು ಏಣಿನ ಗುಂಟ ಬಿರಿಯುತ್ತದೆ, ಆದರೆ ನಿಧಾನಕ್ಕೆ, ಅವಸರವಿಲ್ಲ. ಎಳ್ಳು ತುದಿಯಿಂದ ಬಾಯಿ ಬಿಡುವುದರಿಂದ ಗಿಡ ಕೊಯ್ದು ಮೇಲ್ಮುಖವಾಗಿಯೇ ನಿಲ್ಲಿಸಿ ಒಣಗಿಸಬೇಕು. ತಲೆಕೆಳಗು ಮಾಡಿದರೆ ಎಲ್ಲ ನೆಲದ ಪಾಲು. ಎಕ್ಕ, ಅಡೆನಿಯಮ್ ಒಂದೇ ಬದಿಯಲ್ಲಿ ಸೀಳುತ್ತವೆ, ಬೀಜಕ್ಕೆ ರೇಷ್ಮೆಯಂಥ ಕೂದಲು. ಅಡೆನಿಯಮ್ ಕಾಯಿ ಹಸಿರಿರುವಾಗಲೇ ಸಡಿಲಕ್ಕೆ ದಾರ ಸುತ್ತಿಡಿ, ಇಲ್ಲದಿದ್ದರೆ ಪಕ್ಕದ ಅಪಾರ್ಟ್‌ಮೆಂಟಿನವರಿಗೆ ಬೀಜದಾನ.

ಕರ್ಣಕುಂಡಲದ್ದು ಮಾತ್ರ ಬೇರೆ ಲೆಕ್ಕ. ಅದು ಒಣಗಿ ಸಿಡಿಯುವುದಲ್ಲ, ರಸ ತುಂಬಿ ಬಿಗಿದು ಸಿಡಿಯುವುದು. ಹಸಿರು ಕಾಯಿ ಉಬ್ಬಿ ಪಾರದರ್ಶಕ ಅನ್ನುವಂತಾದಾಗ ಇಡೀ ಕಾಯಿಯನ್ನು ಮುಷ್ಟಿಯೊಳಗೆ ಮುಚ್ಚಿ ಹಿಡಿದು ಕೀಳಿ. ಅಂಗೈಯಲ್ಲೇ ಹುಳು ಹೊರಳಿದಂತೆ ಐದು ಹೋಳು ಸುರುಳಿಯಾಗಿ ಬೀಜ ಉಳಿಯುತ್ತದೆ. ಮಕ್ಕಳಿಗೆ ಈ ಕೆಲಸ ವಹಿಸಿ, ಬೇಡ ಅಂದರೂ ಬಿಡುವುದಿಲ್ಲ.

ಇನ್ನು ಒಡೆಯಲೇ ಬಾರದ ಕಾಯಿಗಳಿವೆ. ಕಕ್ಕೆಯ ಉದ್ದ ಕೋಲುಕಾಯಿ, ಮಳೆಮರದ ಅಂಟು ಕಾಯಿ ಪ್ರಾಣಿಗಳು ತಿಂದು ಬೀಜ ಸಾಗಿಸಲಿ ಅಂತ ಇರುವಂಥವು. ಕಕ್ಕೆಯಲ್ಲಿ ಬಿಲ್ಲೆ ಬಿಲ್ಲೆಯಾಗಿ ಕೋಣೆ, ಪ್ರತಿ ಕೋಣೆಗೂ ಒಂದು ಬೀಜ, ಸುತ್ತ ಕಪ್ಪು ಸಿಹಿ ತಿರುಳು. ನಗರದಲ್ಲಿ ನರಿ ಇಲ್ಲ; ಕಾಯಿ ಮರದ ಕೆಳಗೇ ಬಿದ್ದು ಕೊಳೆಯುತ್ತದೆ. ಬೀಜ ಬೇಕಿದ್ದರೆ ನೀವೇ ಸುತ್ತಿಗೆ ಹಿಡಿಯಬೇಕು.

ಗಿಡದಲ್ಲೇ ಮೊಳಕೆ, ಬೂಷ್ಟು

ಬೆಂಗಳೂರಿನಲ್ಲಿ ಸೆಪ್ಟೆಂಬರ್-ಅಕ್ಟೋಬರಿನ ಮಳೆಯೇ ಜೋರು. ಮುಂಗಾರಿನಲ್ಲಿ ಬಿತ್ತಿದ ಹೆಸರು, ಅಲಸಂದೆ ಬೀಜಕ್ಕೆ ಬಲಿಯುವುದೂ ಆಗಲೇ. ಹೆಸರು ಕಾಳಿಗೆ ನಿದ್ದೆ ಕಡಿಮೆ, ಕಾಯಿ ನೆನೆದರೆ ಸಾಕು ಒಳಗೇ ಮೊಳೆಯುತ್ತದೆ. ಮಳೆಯ ಸೂಚನೆ ಇದ್ದರೆ ಪೂರ್ತಿ ಒಣಗಲಿ ಅಂತ ಕಾಯಬೇಡಿ. ಕಾಯಿ ಬಣ್ಣ ತಿರುಗಿದ್ದರೆ ಕಾಳು ಬಲಿತಂತೆಯೇ ಲೆಕ್ಕ. ರೆಂಬೆ ಸಮೇತ ಕತ್ತರಿಸಿ ಒಳಗೆ ಗಾಳಿ ಆಡುವ ಕಡೆ ನೇತುಹಾಕಿ.

ಎತ್ತಿಟ್ಟ ಬೀಜ ಮೊಳೆಯುತ್ತಿಲ್ಲ

ಹತ್ತು ಬೀಜ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ವಾರ ನೋಡಿ. ಪ್ರಮಾಣಿತ ಬೀಜಕ್ಕೆ ಸರ್ಕಾರ ಗೊತ್ತುಮಾಡಿರುವ ಕನಿಷ್ಠ ಮೊಳಕೆ ಅವರೆ, ಬೀನ್ಸ್, ಅಲಸಂದೆಗೆ ಶೇ. 75, ಬೆಂಡೆಗೆ ಶೇ. 65. ನಿಮ್ಮದು ಅದರ ಹತ್ತಿರ ಬಂದರೆ ಚಿಂತೆಯಿಲ್ಲ. ಬಾರದಿದ್ದರೆ ಬಟ್ಟೆ ಬಿಚ್ಚಿ ಬೀಜವನ್ನು ಮುಟ್ಟಿ. ಕೊಳೆತು ಮೆತ್ತಗಾಗಿದ್ದರೆ ಎಳೆಯದರಲ್ಲೇ ಕಿತ್ತದ್ದು ಅಥವಾ ಒಣಗಿಸದೆ ಡಬ್ಬಿಗೆ ಹಾಕಿದ್ದು. ಚೆನ್ನಾಗಿ ಒಣಗಿದ ಕಾಳು ಹಲ್ಲಿಗಿಟ್ಟು ಕಚ್ಚಿದರೆ ಕಟಕ್ ಅಂತ ಒಡೆಯಬೇಕು, ಹಲ್ಲಿನ ಗುರುತು ಬೀಳಬಾರದು. ನೀರೇ ಕುಡಿಯದೆ ಹಾಕಿದ ಹಾಗೇ ಗಟ್ಟಿಯಾಗಿದ್ದರೆ ಬೀಜಕ್ಕೆ ಏನೂ ಆಗಿಲ್ಲ, ಸಿಪ್ಪೆ ಗಟ್ಟಿ ಅಷ್ಟೇ. ಶಂಖಪುಷ್ಪ, ಗುಲ್‌ಮೊಹರ್, ಕಕ್ಕೆ ಈ ಜಾತಿ. ಕಾಯಿಗೆ ಅಂಟಿದ್ದ ಕಲೆಯ ಎದುರು ಬದಿಯನ್ನು ಉಪ್ಪುಕಾಗದಕ್ಕೆ ಉಜ್ಜಿ, ಒಳಗಿನ ಬಿಳಿ ಕಾಣುತ್ತಿದ್ದಂತೆ ನಿಲ್ಲಿಸಿ, ರಾತ್ರಿ ನೆನೆಸಿಡಿ. ಬೆಳಗ್ಗೆ ಉಬ್ಬಿದ್ದನ್ನು ಬಿತ್ತಿ, ಉಬ್ಬದ್ದನ್ನು ಮತ್ತೆ ಉಜ್ಜಿ.

ಡಬ್ಬಿಯಲ್ಲಿಟ್ಟ ಕಾಳಲ್ಲಿ ಗುಂಡು ತೂತು ಬಿದ್ದಿದ್ದರೆ ಕುಟ್ಟೆ ಹುಳು. ಡಬ್ಬಿ ಭದ್ರವಾಗಿ ಮುಚ್ಚಿದ್ದೆ, ಎಲ್ಲಿಂದ ಬಂತು ಅಂತ ಕೇಳುತ್ತಾರೆ. ಹುಳು ಬಂದದ್ದು ಡಬ್ಬಿಗಲ್ಲ, ಗಿಡಕ್ಕೆ. ಬಲಿಯುತ್ತಿರುವ ಕಾಯಿಯ ಮೇಲೆಯೇ ಅದು ಮೊಟ್ಟೆ ಅಂಟಿಸಿರುತ್ತದೆ, ಮರಿ ಸಿಪ್ಪೆ ಕೊರೆದು ಕಾಳಿನೊಳಗೆ ಸೇರಿರುತ್ತದೆ. ಹಾಗೆ ಒಳಗೆ ಬಂದ ಒಂದೆರಡು ಹೊರಬಿದ್ದು ಮಿಕ್ಕ ಕಾಳಿನ ಮೇಲೆ ಸಾಸಿವೆಗಿಂತ ಚಿಕ್ಕ ಬಿಳಿ ಮೊಟ್ಟೆ ಇಡುತ್ತವೆ. ಬಿತ್ತನೆ ಕಾಳಿಗೆ ಕೆಮ್ಮಣ್ಣು ಕಟ್ಟಿ ಒಣಗಿಸುವ, ಎಣ್ಣೆ ಸವರುವ ಹಳ್ಳಿ ಪದ್ಧತಿ ಇದಕ್ಕೇ ಇರುವುದು. ಫ್ರಿಜ್ಜಿನ ಫ್ರೀಜರಿನಲ್ಲಿ ಕೆಲವು ದಿನ ಇಟ್ಟರೂ ಹುಳು ಸಾಯುತ್ತದೆ, ಕಾಳು ಪೂರ್ತಿ ಒಣಗಿರಬೇಕು ಅಷ್ಟೇ. ತೇವವಿದ್ದರೆ ಹುಳುವಿನ ಜೊತೆ ಬೀಜವೂ ಹೋಗುತ್ತದೆ.

ಮೊಳೆತು ಗಿಡವೂ ಆಗಿ, ಕಾಯಿ ಮಾತ್ರ ತಾಯಿಯ ಹಾಗಿಲ್ಲ ಅನ್ನುವವರು ಹಳೇ ಪೊಟ್ಟಣ ಹುಡುಕಿ. ಮೇಲೆ ಎಫ್1 ಅಂತಿದ್ದರೆ ಅದು ಹೈಬ್ರಿಡ್. ಅದರ ಬೀಜದಿಂದ ಹುಟ್ಟಿದ್ದು ಒಂದೊಂದು ಒಂದೊಂದು ತರ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕಾ ಬೆಂಡೆಯಂಥ ತಳಿಯಾದರೆ ಬೀಜ ಹಿಡಿದಿಡಬಹುದು. ಆದರೆ ಪಕ್ಕದ ಕುಂಡದಲ್ಲಿ ಬೇರೆ ಬೆಂಡೆ ಇದ್ದರೆ ಜೇನ್ನೊಣ ಎರಡನ್ನೂ ಬೆರೆಸಿಬಿಡುತ್ತದೆ. ಬೀಜಕ್ಕೆ ಆರಿಸಿದ ಮೊಗ್ಗಿಗೆ ಬಿರಿಯುವ ಹಿಂದಿನ ಸಂಜೆಯೇ ಬಲೆಚೀಲ ಕಟ್ಟಿ, ಹೂ ಬಿದ್ದ ಮೇಲೆ ಬಿಚ್ಚಿ, ಆ ಕಾಯಿಯ ತೊಟ್ಟಿಗೆ ಕೆಂಪು ದಾರ ಕಟ್ಟಿ, ಮನೆಯವರಿಗೆಲ್ಲ ಹೇಳಿಡಿ. ಇಲ್ಲದಿದ್ದರೆ ಅದು ಹುಳಿಗೆ ಹೋಗುತ್ತದೆ.